ಕೃಷ್ಣೆ ಹಬೆಯಾಗಿ ಹೋಗುತ್ತಿದ್ದಾಳೆ: ನೆಲದ ತಂಪು ನೆರವಿಗೆ ಬಂದೀತೇ?

ರಾಯಚೂರಿನಿಂದ ಹೈದರಾಬಾದ್ ಬಸ್ ಹತ್ತಿದವರಿಗೆ ಶಕ್ತಿನಗರದ ಥರ್ಮಲ್ ಕೇಂದ್ರ ಹೊಸದೇನಲ್ಲ. ಅಗಲ ಗೋಪುರದಿಂದ ಏಳುವ ಬಿಳಿ ಮೋಡ ಕಂಡು ‘ಏನ್ ಹೊಗಿ ನೋಡ್ರಿ’ ಅನ್ನುವವರೇ ಹೆಚ್ಚು. ಅದು ಹೊಗೆಯಲ್ಲ, ಕೃಷ್ಣಾ ನದಿಯ ನೀರು!

ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಉಳಿದುದರಲ್ಲಿ ಬಹುಪಾಲನ್ನು ನೀರೇ ಹೊತ್ತು ಗಾಳಿಗೆ ಬಿಡಬೇಕು. ಹಳೆಯ ಸ್ಥಾವರಗಳಿಗೆ ಕೇಂದ್ರ ಪರಿಸರ ಸಚಿವಾಲಯ 2015ರಲ್ಲಿ ಹಾಕಿದ ಮಿತಿ ಯೂನಿಟ್ಟಿಗೆ ಮೂರೂವರೆ ಲೀಟರ್. ಆ ಮಿತಿಯಂತೆ 210 ಮೆಗಾವ್ಯಾಟ್‌ನ ಒಂದೇ ಘಟಕ ಪೂರ್ತಿ ಓಡಿದರೆ ತಾಸಿಗೆ 7.35 ಲಕ್ಷ ಲೀಟರ್. ಅಂದರೆ 12 ಸಾವಿರ ಲೀಟರಿನ 61 ಟ್ಯಾಂಕರ್!

ನೀರು ನಿಂತರೆ ಕರೆಂಟೂ ನಿಂತಂತೆ. ಪಶ್ಚಿಮ ಬಂಗಾಳದ ಫರಕ್ಕಾದಲ್ಲಿ 2016ರ ಮಾರ್ಚಿನಲ್ಲಿ ಕಾಲುವೆ ನೀರು ಇಳಿದು 2,100 ಮೆಗಾವ್ಯಾಟ್ ಸ್ಥಾವರ ಬಂದ್ ಆಯಿತು. ಗಂಗೆಯ ಮಗ್ಗುಲಲ್ಲೇ ಹೀಗಾದರೆ ಬೇಸಿಗೆಯ ಕೃಷ್ಣೆಯ ಪಾಡೇನು?

ಗಾಳಿಯಿಂದಲೇ ತಣಿಸಬಾರದೇ? ತಣಿಸಬಹುದು. ಜಾರ್ಖಂಡದ ಉತ್ತರ ಕರಣ್‌ಪುರದಲ್ಲಿ ಎನ್‌ಟಿಪಿಸಿ ಅದನ್ನೇ ಮಾಡಿದೆ. ಆದರೆ ಮಧ್ಯಾಹ್ನದ ಬಿಸಿಗಾಳಿ ಸರಿಯಾಗಿ ತಣಿಸದು. ಊರೆಲ್ಲ ಫ್ಯಾನು ಹಾಕುವ ಹೊತ್ತಿಗೇ ಉತ್ಪಾದನೆ ಇಳಿಯುತ್ತದೆ.

ನೆಲದ ಮಾತು ಬರುವುದು ಇಲ್ಲಿ. ರಾತ್ರಿಯ ತಂಪುಗಾಳಿಯಿಂದ ಮಣ್ಣನ್ನು ತಣಿಸಿಟ್ಟುಕೊಳ್ಳುವುದು. ಮಧ್ಯಾಹ್ನ ಬಿಸಿನೀರನ್ನು ಕೊಳವೆಗಳಲ್ಲಿ ನೆಲದೊಳಗೆ ಹಾಯಿಸುವುದು. ಶಾಖ ಮಣ್ಣಿಗೆ, ನೀರು ಆವಿಯಾಗದೆ ವಾಪಸು. ನೆದರ್ಲೆಂಡ್ಸ್‌ನಲ್ಲಿ ಚಳಿಗಾಲದ ತಂಪನ್ನು ಅಂತರ್ಜಲದಲ್ಲಿ ಕೂಡಿಟ್ಟು ಬೇಸಿಗೆಯಲ್ಲಿ ಕಟ್ಟಡ ತಣಿಸುವ ವ್ಯವಸ್ಥೆಗಳು ಎರಡು ಸಾವಿರಕ್ಕೂ ಹೆಚ್ಚು. ಮನೆ, ಕಚೇರಿಗೆ ಆದದ್ದು ಸ್ಥಾವರಕ್ಕೂ ಆದೀತೇ ಎಂಬುದೇ ಪ್ರಶ್ನೆ.

ಖರ್ಚಿನ ಲೆಕ್ಕವನ್ನೂ ನೋಡಬೇಕು. ಮಣ್ಣು ಪುಕ್ಕಟೆ, ಕೊಳವೆ ಪುಕ್ಕಟೆಯಲ್ಲ. 210 ಮೆಗಾವ್ಯಾಟ್ ಘಟಕದ ಎಂಟು ತಾಸಿನ ಶಾಖವನ್ನೆಲ್ಲ ನೆಲವೇ ಹಿಡಿಯಬೇಕೆಂದರೆ, ಮಣ್ಣು ಹತ್ತು ಡಿಗ್ರಿ ಬಿಸಿಯೇರುತ್ತದೆಂದು ಹಿಡಿದರೂ, ಅಂದಾಜು ಹತ್ತು ಎಕರೆಯಲ್ಲಿ ಹತ್ತು ಮೀಟರ್ ಆಳದ ಮಣ್ಣು ಬೇಕು. ಗಾಳಿಗೆ ಹೊರಲಾಗದ ಮಧ್ಯಾಹ್ನದ ಹೊರೆಯನ್ನಷ್ಟೇ ನೆಲಕ್ಕೆ ಹಾಕಿದರೆ ಜಾಗವೂ ಕಡಿಮೆ, ದುಡ್ಡೂ ಕಡಿಮೆ. ಬೇಸಿಗೆಯಲ್ಲಿ ರಾತ್ರಿಯೂ ಕುದಿಯುವ ಸೀಮೆ ಇದು. ಇಲ್ಲಿನ ಮಣ್ಣು ಎಷ್ಟು ತಣಿಯುತ್ತದೆಂಬುದನ್ನು ಅಗೆದೇ ನೋಡಬೇಕು.

ಪ್ರಯೋಗಕ್ಕೆ ಒಂದು ಎಕರೆ ಸಾಕು. ಹೊಳೆ ಬತ್ತಿದ ಮೇಲೆ ಯೋಚಿಸಿದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?