ಎಲ್ಲ ಮಹಡಿ ಹತ್ತಬೇಕಿಲ್ಲ
ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ರಜೆಯ ದಿನ ಐದಾರು ವರ್ಷದ ಮಕ್ಕಳನ್ನು ಕರೆದೊಯ್ಯುವವರು ಎಲ್ಲ ಮಹಡಿಗಳನ್ನೂ ನೋಡಿ ಮುಗಿಸುವ ಹಟ ಬಿಡಬೇಕು. ಒಂದೆರಡು ವಿಭಾಗ ಧಾರಾಳ ಸಾಕು. ಇಂಥಲ್ಲಿ ದೊಡ್ಡವರೇ ದಣಿಯುತ್ತಾರೆ. ಬಾಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ, ಬಗ್ಗಿ, ಕತ್ತು ಚಾಚಿ ಪ್ರದರ್ಶನ ಪೆಟ್ಟಿಗೆಗಳೊಳಗೆ ಇಣುಕುವ ವೀಕ್ಷಕನ ಫೋಟೊಗಳನ್ನು ಮುಂದಿಟ್ಟು, ವಸ್ತುಗಳನ್ನು ಜೋಡಿಸಿಟ್ಟ ರೀತಿಯೇ ಮೈಯನ್ನು ಸೋಲಿಸುತ್ತದೆ ಎಂದು ತೋರಿಸಿದ್ದರು. ಇನ್ನು ಸೊಂಟದೆತ್ತರದ ಮಗುವಿಗೆ ನೂಕುನುಗ್ಗಲಲ್ಲಿ ಕಾಣುವುದು ಜನರ ಬೆನ್ನು, ಬ್ಯಾಗು ಅಷ್ಟೇ. ಮಹಡಿ ಮಹಡಿ ಸುತ್ತುವ ಬದಲು ಅಲ್ಲಿರುವ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಮುಂದೆ ಕಾಲು ಗಂಟೆ ನಿಲ್ಲಲಿ. ಅದನ್ನು ಹಾರಿಸುವವನು ಕೆಳರೆಕ್ಕೆಯ ಮೇಲೆ ಬೋರಲು ಮಲಗಬೇಕಿತ್ತು; ಎಂಜಿನ್ನಿನಿಂದ ಪ್ರೊಪೆಲರಿಗೆ ಹೋಗುವುದು ಸೈಕಲ್ಲಿನಂಥದೇ ಚೈನು, ಅಣ್ಣತಮ್ಮಂದಿರು ಸೈಕಲ್ ಅಂಗಡಿಯವರಲ್ಲವೆ! 1903ರ ಆ ಮೊದಲ ಹಾರಾಟ ಬರೀ 12 ಸೆಕೆಂಡು: ಮಗು ಅಲ್ಲೇ ನಿಂತು ಗಟ್ಟಿಯಾಗಿ ಎಣಿಸಿ ನೋಡಬಹುದಾದಷ್ಟು ಹೊತ್ತು. ದೂರದೂರಿಂದ ಬಂದಿದ್ದೇವೆ, ಟಿಕೆಟ್ ಕೊಂಡಿದ್ದೇವೆ, ಮತ್ತೆ ಯಾವಾಗಲೋ ಏನೋ ಎನ್ನುವವರ ಮಾತು ನ್ಯಾಯವೇ. ಆದರೆ ಮೇಲಿನ ಮಹಡಿಯಲ್ಲಿ ಅಪ್ಪನ ಹೆಗಲ ಮೇಲೆ ತೂಕಡಿಸುವ ಮಗುವಿನ ಪಾಲಿಗೆ ಆ ದುಡ್ಡು ಆಗಲೇ ಹೋಗಿರುತ್ತದೆ. ಮಕ್ಕಳು ಸುಮ್ಮನೆ ಮಾದರಿಗಳ ಗುಂಡಿ ಒತ್ತಿ ಓಡುತ್ತವೆ, ನಿಂತು ನೋಡುವುದೆಲ್ಲಿ ಎಂಬ ದೂರೂ ಇದೆ. ಮುಂದೆ ನಡಿ, ಬೇಗ ನಡಿ ಎಂದು ಆ ಓಟವನ್ನು ಕಲಿಸುವವರು ಬಹುಮಟ್ಟಿಗೆ ನಾವೇ. ಅದೇ ಗುಂಡಿಯನ್ನು ಹತ್ತನೇ ಸಲ ಒತ್ತುತ್ತಿರುವ ಮಗುವಿನ ಕೈ ಹಿಡಿದು ಎಳೆಯಬೇಡಿ, ಹಿಂದೆ ಸಾಲಿಲ್ಲದಿದ್ದರೆ ಹನ್ನೊಂದನೇ ಸಲವೂ ಒತ್ತಲಿ.