ಅಪ್ಪನ 8,640 ರೂಪಾಯಿ ಎಲ್ಲಿ ಹೋಗಿತ್ತು?

ಹೋದ ಕಬ್ಬಿನ ಸೀಸನ್ನಿನಲ್ಲಿ ಒಂದು ಮಧ್ಯಾಹ್ನ ಶೇಡಬಾಳದಿಂದ ಅಪ್ಪನ ಫೋನು. ಆಫೀಸಿನ ಹೊತ್ತಿನಲ್ಲಿ ಅವರು ಫೋನ್ ಮಾಡೋದೇ ಇಲ್ಲ. ಎದೆ ಧಸಕ್ ಅಂತು.

"ತಮ್ಮಾ, ಮಿರಜಿನಾಗ ಮೋಟರಿನ ಸಾಮಾನ ತಗೊಂಡಿದ್ದೆ. ಕಾರ್ಡ್ ಹಾಕಿದ್ರ ಮಷಿನ್ ಆಗಿಲ್ಲ ಅಂತು. ಮೊಬೈಲ್ ನೋಡಿದ್ರ ರೊಕ್ಕ ಹೋಗೇತಿ. ನಾ ಏನರ ತಪ್ಪ ಒತ್ತಿದ್ನೇನೊ?"

8,640 ರೂಪಾಯಿ. ಚೀಟಿ ಬರದೇ ಅಂಗಡಿಯವರಾದರೂ ಸಾಮಾನು ಹೆಂಗೆ ಕೊಡ್ತಾರೆ? ಕಬ್ಬು ಕಡಿಯೋ ಗ್ಯಾಂಗಿಗೆ ಅಂತ ತೆಗೆದಿಟ್ಟಿದ್ದ ನಗದನ್ನೇ ಅಪ್ಪ ಕೊಟ್ಟು ಬಂದರು. ಗ್ಯಾಂಗಿಗೆ ಕೊಡೋಕೆ ಕಾಕಾನ ಹತ್ತಿರ ಕೈಗಡ.

ಆಮೇಲೆ ಶುರುವಾಯ್ತು ತಿರುಗಾಟ. ಬ್ಯಾಂಕಿನವರು, "ಅದು ಮಹಾರಾಷ್ಟ್ರದ ಮಷಿನ್ ರೀ, ಅಂಗಡಿಯವರನ್ನ ಕೇಳ್ರಿ" ಅಂದ್ರು. ಅಂಗಡಿಯವರು, "ನಮಗ ಬಂದಽ ಇಲ್ಲ, ಬ್ಯಾಂಕಿನಾಗ ಕೇಳ್ರಿ" ಅಂದ್ರು. ಅಪ್ಪ ಮೂರು ಸಲ ಹೋಗಿ ಬಂದರು. ಮೂರು ಸಲವೂ ತಪ್ಪು ತಮ್ಮದೇ ಅನ್ನೋ ಮುಖ ಹೊತ್ತುಕೊಂಡು.

ನನಗೆ ನಾಚಿಕೆ ಆಗಿದ್ದು ಯಾಕೆ ಅಂದ್ರೆ, ಎರಡು ವರ್ಷ ನಾನು ಇದೇ ಕೆಲಸದಲ್ಲಿದ್ದೆ. ಕಾರ್ಡ್ ಸ್ವಿಚ್ಚಿನ ಸಾಫ್ಟ್‌ವೇರ್ ಬರೆಯೋದು.

ಅಂಗಡಿಯಲ್ಲಿ ಕಾರ್ಡ್ ಹಾಕಿದಾಗ ಆ ಕ್ಷಣ ದುಡ್ಡು ಎಲ್ಲಿಗೂ ಹೋಗಲ್ಲ. ಹೋಗೋದು ಬರೀ ಒಂದು ಸಂದೇಶ. ಮಷಿನ್ನಿನಿಂದ ಅಂಗಡಿಯವರ ಬ್ಯಾಂಕಿಗೆ, ಅಲ್ಲಿಂದ ರುಪೇ, ವೀಸಾ, ಮಾಸ್ಟರ್‌ಕಾರ್ಡ್ ಥರದ ನೆಟ್‌ವರ್ಕಿಗೆ, ಅಲ್ಲಿಂದ ಅಪ್ಪನ ಬ್ಯಾಂಕಿಗೆ. ಅಪ್ಪನ ಬ್ಯಾಂಕು ಖಾತೆಯಲ್ಲಿ ಕಳೆದು "ಸರಿ" ಅನ್ನುತ್ತೆ. ಆ "ಸರಿ" ಬಂದ ದಾರಿಯಲ್ಲೇ ವಾಪಸ್ ಬರಬೇಕು. ಎಲ್ಲ ಎರಡು ಮೂರು ಸೆಕೆಂಡಿನ ಆಟ. ಅಂಗಡಿಗೆ ನಿಜವಾದ ದುಡ್ಡು ಸೇರೋದು ಆಮೇಲೆ, ಬ್ಯಾಂಕುಗಳು ನೆಟ್‌ವರ್ಕಿನ ಮೂಲಕ ಲೆಕ್ಕ ಚುಕ್ತಾ ಮಾಡಿಕೊಂಡಾಗ.

ವಾಪಸ್ ಬರೋವಾಗ ಲೈನ್ ಕಡಿದರೆ? ಮಷಿನ್ ಕಾದು ಕಾದು "ಆಗಿಲ್ಲ" ಅನ್ನುತ್ತೆ. ಆಗ ರಿವರ್ಸಲ್ ಅನ್ನೋ ಇನ್ನೊಂದು ಸಂದೇಶ ಹೋಗಬೇಕು, "ಆ ವ್ಯವಹಾರ ರದ್ದು ಮಾಡಿ" ಅಂತ. ಐಎಸ್‌ಒ 8583 ಅನ್ನೋ 1987ರ ಹಳೇ ಸ್ಟ್ಯಾಂಡರ್ಡಿನಲ್ಲಿ ಅದಕ್ಕೆ 0400 ಸರಣಿಯ ನಂಬರು. ಅದೂ ತಲುಪದಿದ್ದರೆ ಲೆಕ್ಕ ತಾಳೆ ನೋಡೋವರೆಗೂ ದುಡ್ಡು ನೇತಾಡುತ್ತೆ. ಎಲ್ಲಿ? ಹೆಚ್ಚಾಗಿ ಅಪ್ಪನ ಬ್ಯಾಂಕಿನದೇ ಒಂದು ಒಳಖಾತೆಯಲ್ಲಿ! ಅಪ್ಪ ಯಾವ ಕೌಂಟರಿನ ಮುಂದೆ ಕೈಕಟ್ಟಿ ನಿಂತಿದ್ದರೋ, ಬಹುಶಃ ಅದೇ ಬ್ಯಾಂಕಿನಲ್ಲಿ.

ನನ್ನ ಲಾಗ್ ಫೈಲಿನಲ್ಲಿ ಇಂಥವು ದಿನಾ ನೂರಾರು ಸಾಲು ಬರ್ತಿದ್ದವು. ಟೀ ಕುಡೀತಾ ನೋಡಿ ಮುಂದಕ್ಕೆ ಹೋಗ್ತಿದ್ದೆ. ಒಂದೊಂದು ಸಾಲೂ ಯಾರದೋ ಗ್ಯಾಂಗಿನ ಕೂಲಿ ಅಂತ ಯಾವತ್ತೂ ಹೊಳೆದಿರಲಿಲ್ಲ.

ಇನ್ನು ಗಡಿಯ ಮಾತು. ನಮ್ಮ ಕಡೆ ಎಲ್ಲದಕ್ಕೂ ಗಡಿ ಅಡ್ಡ ಬರುತ್ತೆ, ಆದ್ರೆ ಇದಕ್ಕಿಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯಿದೆ ಪ್ರಕಾರ ಈ ನೆಟ್‌ವರ್ಕುಗಳಿಗೆಲ್ಲ ಪರವಾನಗಿ ಕೊಡೋದು ರಿಸರ್ವ್ ಬ್ಯಾಂಕು. ಮಿರಜಿಗೂ ಶೇಡಬಾಳಕ್ಕೂ ಒಂದೇ ನಿಯಮ. 2019ರ ಸೆಪ್ಟೆಂಬರ್ 20ರ ಅದರ ಸುತ್ತೋಲೆ ಸ್ಪಷ್ಟವಾಗಿದೆ: ಖಾತೆಯಿಂದ ಹಣ ಹೋಗಿ ಅಂಗಡಿಯಲ್ಲಿ ಚೀಟಿ ಬರದಿದ್ದರೆ, ವ್ಯವಹಾರದ ದಿನದಿಂದ 5 ದಿನದೊಳಗೆ ತಾನಾಗೇ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಗ್ರಾಹಕ ದೂರು ಕೊಡಲಿ ಬಿಡಲಿ, ಕೊಡಲೇಬೇಕು.

ಅಪ್ಪನ ದುಡ್ಡು ಬಂದಿದ್ದು 19ನೇ ದಿನ. ಪರಿಹಾರ ಬರಲಿಲ್ಲ. ಸುತ್ತೋಲೆಯ ತಾರೀಖು ಹಾಕಿ ನಾನೇ ಒಂದು ಪತ್ರ ಬರೆದುಕೊಟ್ಟೆ. ಆಮೇಲೆ 14 ದಿನದ್ದು 1,400 ರೂಪಾಯಿ ಬಂತು.

ನನ್ನ ತಕರಾರು ಲೈನ್ ಕಡಿದಿದ್ದಕ್ಕಲ್ಲ. ಲೈನ್ ಕಡಿಯುತ್ತೆ, ಅದಕ್ಕೇ 5 ದಿನದ ಸಡಿಲ ಕೊಟ್ಟಿದ್ದಾರೆ. ಬ್ಯಾಂಕಿನವರ ಕಷ್ಟವೂ ಗೊತ್ತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೆ ಅಂಗಡಿಯವರಿಂದ ಶುಲ್ಕ ತಗೊಳ್ಳೋ ಹಾಗಿಲ್ಲ. ಆದಾಯ ಇಲ್ಲದ ಕೆಲಸಕ್ಕೆ ಜನ ಹಾಕೋದು ಯಾರು ಅಂತಾರೆ. ಒಪ್ಪೋಣ. ಆದ್ರೆ ಮೂರು ಸೆಕೆಂಡಿನಲ್ಲಿ ಕಳೆಯೋಕೆ ಬರೋ ಕಂಪ್ಯೂಟರಿಗೆ ದಿನ ಎಣಿಸೋಕೆ ಬರಲ್ವಾ? ಪ್ರೋಗ್ರಾಮ್ ಬರೆಯೋನಾಗಿ ಹೇಳ್ತೀನಿ, ಅದು ದೊಡ್ಡ ಕೆಲಸ ಅಲ್ಲ. ಮಾಡಬೇಕು ಅಂತ ಅನ್ನಿಸಿಲ್ಲ, ಅಷ್ಟೇ.

ಎರಡನೇದು ಭಾಷೆ. ಅಪ್ಪನಿಗೆ ಬಂದ ಮೆಸೇಜೂ ಇಂಗ್ಲಿಷು, ನಾನು ಹುಡುಕಿ ಓದಿದ ಸುತ್ತೋಲೆಯೂ ಇಂಗ್ಲಿಷು. "ನಿಮ್ಮ ಹಣ ಇಂಥ ತಾರೀಖಿನೊಳಗೆ ವಾಪಸ್ ಬರುತ್ತೆ" ಅನ್ನೋ ಒಂದು ಸಾಲು ಕನ್ನಡದಲ್ಲಿ ಬಂದಿದ್ದರೆ ಮೂರು ತಿರುಗಾಟ ತಪ್ಪುತ್ತಿತ್ತು. ಪ್ರತಿ ಶಾಖೆಯ ಗೋಡೆಗೆ ಈ ನಿಯಮವನ್ನ ನಮ್ಮ ಮಾತಿನಲ್ಲಿ ಅಂಟಿಸಲಿ. ಗಡಿ ಊರಲ್ಲಿ ಮರಾಠಿಯಲ್ಲೂ ಅಂಟಿಸಲಿ, ಬೇಡ ಅಂದವರು ಯಾರು?

ಅಲ್ಲಿವರೆಗೂ ನಿಮ್ಮ ಅಪ್ಪ ಅಮ್ಮನಿಗೆ ನೀವೇ ಹೇಳಿಕೊಡಿ. ದೂರು ಬರಹದಲ್ಲಿ ಕೊಡಿ, ನಂಬರು ತಗೊಳ್ಳಿ. 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೂ ಮಾತಾಡ್ತಾರೆ.

ಅಂದಹಾಗೆ, ಆ 1,400 ರೂಪಾಯಿ ಜಮೆ ಆದ ದಿನ ಅಪ್ಪ ಮತ್ತೆ ಫೋನ್ ಮಾಡಿದ್ರು.

"ತಮ್ಮಾ, ಯಾರದೋ ರೊಕ್ಕ ನನ್ನ ಖಾತೆಗೆ ಬಂದೇತಿ. ತಿರುಗಿ ಕೊಟ್ಟ ಬರಲೇನು?"