ಹೊಸ ಕ್ಯಾಮೆರಾ ಮೊದಲೋ, ಗುಡ್ಡದ ದಾಖಲೆ ಮೊದಲೋ?

ಕಪ್ಪತಗುಡ್ಡ ಹಾಗೂ ಮಾಗಡಿ ಕೆರೆಯ ಛಾಯಾಚಿತ್ರ ದಾಖಲೆಗಾಗಿ ಹೊಸ ಕ್ಯಾಮೆರಾ ಕೊಳ್ಳಬೇಕೆಂಬ ಬೇಡಿಕೆಯನ್ನು ನಮ್ಮ ಬಳಗದ ವಿದ್ಯಾರ್ಥಿ ಮಿತ್ರರು ಮುಂದಿಟ್ಟಿದ್ದಾರೆ. ಬಳಗದಲ್ಲಿರುವುದು 2008ರಲ್ಲಿ ಬಿಡುಗಡೆಯಾದ ನಿಕಾನ್ ಡಿ90 ಎಂಬ ಡಿಜಿಟಲ್ ಎಸ್‌ಎಲ್‌ಆರ್ ಮತ್ತು ಅದರೊಡನೆ ಬಂದ 18-105 ಮಿ.ಮೀ. ಲೆನ್ಸ್. ಅವರು ಕೇಳುತ್ತಿರುವುದು 2024ರ ನವೆಂಬರಿನಲ್ಲಿ ಪ್ರಕಟವಾದ ಅದೇ ಕಂಪನಿಯ ಜೆಡ್50 ಎರಡನೆಯ ಮಾದರಿಯನ್ನು. ಬೇಡಿಕೆ ಪ್ರಾಮಾಣಿಕವಾದುದು. ಆದರೆ ಬಳಗದ ಹಣವು ಶೇಂಗಾ, ಕಡಲೆ ಮಾರಿದ ರೈತರು ಸುಗ್ಗಿಯಲ್ಲಿ ಕೊಟ್ಟ ವಂತಿಗೆ. ಅದನ್ನು ಎಲ್ಲಿ ತೊಡಗಿಸಬೇಕೆಂಬುದನ್ನು ಎಲ್ಲರೂ ಕೂಡಿ ವಿಚಾರ ಮಾಡುವುದು ಲೇಸು. ಈ ವರ್ಷ ಹೊಸ ಕ್ಯಾಮೆರಾ ಬೇಡವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಇಲ್ಲಿ ಕೊಡುತ್ತಿದ್ದೇನೆ.

ನಮಗೆ ಚಿತ್ರಗಳು ಬೇಕಾಗಿರುವುದು ಏತಕ್ಕೆ ಎಂಬುದನ್ನು ಮೊದಲು ನೆನೆಯೋಣ. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. 2016ರಲ್ಲಿ ಆ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಲಿಂಗೈಕ್ಯ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳ್ತನದಲ್ಲಿ 2017ರ ಫೆಬ್ರವರಿಯಲ್ಲಿ ಗದಗದಲ್ಲಿ ನಡೆದ ಧರಣಿಯ ಬಳಿಕ, ಅದೇ ವರ್ಷ ಮೀಸಲು ಪ್ರದೇಶದ ಸ್ಥಾನ ಮರಳಿ ದೊರೆಯಿತು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಒಂದು ಆದೇಶದಿಂದ ಬಂದದ್ದು ಇನ್ನೊಂದು ಆದೇಶದಿಂದ ಹೋಗಬಲ್ಲದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಮುಂದೆ ಎಂದಾದರೂ "ಈ ಇಳಿಜಾರು ಮೊದಲಿನಿಂದಲೂ ಬೋಳಾಗಿತ್ತು, ಇಲ್ಲಿ ಹಳ್ಳವೇ ಇರಲಿಲ್ಲ" ಎಂದು ಯಾರಾದರೂ ವಾದಿಸಿದಾಗ, ಅದು ಸುಳ್ಳೆಂದು ತೋರಿಸುವ ಚಿತ್ರ ನಮ್ಮ ಕೈಯಲ್ಲಿರಬೇಕು. ಬಹುಮಾನ ಗೆಲ್ಲುವ ಚಿತ್ರದ ಗುಣ ಬೇರೆ, ಸಾಕ್ಷಿ ಹೇಳುವ ಚಿತ್ರದ ಗುಣ ಬೇರೆ.

ಹೊಸ ಯಂತ್ರದ ಗುಣಗಳನ್ನು ಅಲ್ಲಗಳೆಯುವಂತಿಲ್ಲ. ನಿಕಾನ್, ಕ್ಯಾನನ್ ಕಂಪನಿಗಳ ಹೊಸ ಎಸ್‌ಎಲ್‌ಆರ್ ಮಾದರಿಗಳು 2020ರಿಂದೀಚೆಗೆ ಬಂದಿಲ್ಲ. ಈಗ ಹೊಸದೆಂದು ಮಾರುಕಟ್ಟೆಗೆ ಬರುವವು ಬಹುಪಾಲು ಒಳಗೆ ಕನ್ನಡಿಯಿಲ್ಲದ, ಅಂಗಡಿಯವರು ಮಿರರ್‌ಲೆಸ್ ಎನ್ನುವ ಕ್ಯಾಮೆರಾಗಳು. ಕನ್ನಡಿ ಮೇಲೆದ್ದು ಬೀಳುವ ಸದ್ದು ಅವುಗಳಲ್ಲಿಲ್ಲವಾದ್ದರಿಂದ ಹಕ್ಕಿ ಬೆದರುವುದು ಕಡಿಮೆ. ಹಾರುವ ಹಕ್ಕಿಯನ್ನು ಅವು ತಾವೇ ಗುರುತಿಸಿ ಫೋಕಸ್ ಹಿಡಿಯುತ್ತವೆ. ತೋಳ, ಕತ್ತೆಕಿರುಬಗಳು ಹೊರಬೀಳುವ ಮುಸ್ಸಂಜೆಯ ಮಂದ ಬೆಳಕಿನಲ್ಲಿ ನಮ್ಮ ಡಿ90 ಸೋಲುತ್ತದೆ, ಹೊಸದು ಗೆಲ್ಲುತ್ತದೆ. ಇವೆಲ್ಲ ನಿಜ. ಆದರೆ ನಮ್ಮ ಕೆಲಸದಲ್ಲಿ ಈ ಗುಣಗಳು ಎಷ್ಟು ಸಲ ಬೇಕಾಗುತ್ತವೆ?

ಮಾಗಡಿ ಕೆರೆಯ ಉದಾಹರಣೆಯನ್ನು ತೆಗೆದುಕೊಳ್ಳೋಣ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಅಕ್ಷರ-ಅಂಕಿಗಳ ಪಟ್ಟಿ ತೊಡಿಸಿದ ಇಂಥ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಆ ಪಟ್ಟಿಯನ್ನು ಓದಬಲ್ಲ ಒಂದು ಚಿತ್ರಕ್ಕೆ ವಿಜ್ಞಾನದಲ್ಲಿ ಬೆಲೆಯಿದೆ. ಸುಮಾರು 75 ಸೆಂ.ಮೀ. ಉದ್ದದ ಬಾತು ನಮ್ಮಿಂದ 50 ಮೀಟರ್ ದೂರದಲ್ಲಿದೆ ಎಂದು ಇಟ್ಟುಕೊಳ್ಳಿ. ಡಿ90 ಕ್ಯಾಮೆರಾದ ಚಿತ್ರದ ಅಗಲ 4288 ಬಿಂದು, ಹೊಸದರದ್ದು 5568 ಬಿಂದು. ಈಗಿರುವ 105 ಮಿ.ಮೀ. ಲೆನ್ಸಿನಲ್ಲಿ ಆ ಬಾತು ಹಳೆಯ ಕ್ಯಾಮೆರಾದ ಚಿತ್ರದಲ್ಲಿ ಸುಮಾರು 285 ಬಿಂದುಗಳಷ್ಟು ಉದ್ದ ಮೂಡುತ್ತದೆ. ಅದೇ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸಿದರೆ ಸುಮಾರು 370 ಬಿಂದು. ಹಳೆಯ ಕ್ಯಾಮೆರಾಕ್ಕೇ 300 ಮಿ.ಮೀ. ಲೆನ್ಸ್ ಹಾಕಿದರೆ ಸುಮಾರು 820 ಬಿಂದು! ದೂರದ ಹಕ್ಕಿಯ ಕೊರಳನ್ನು ಓದಿಸುವುದು ಲೆನ್ಸ್ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಉದ್ದನೆಯ ಲೆನ್ಸ್ ಇದ್ದರೆ ನಾವು ದಂಡೆಯಿಂದ ದೂರವೇ ನಿಲ್ಲುತ್ತೇವೆ. ಸಾವಿರಾರು ಮೈಲಿ ಹಾರಿ ದಣಿದು ಬಂದ ಹಕ್ಕಿಗಳನ್ನು ಎಬ್ಬಿಸುವ ಪಾಪವೂ ತಪ್ಪುತ್ತದೆ.

ಇನ್ನೊಂದು ತೊಡಕನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು. ಹೊಸ ಕ್ಯಾಮೆರಾದ ಬಾಯಿ ಬೇರೆ ಅಳತೆಯದು. ಹಳೆಯ ಲೆನ್ಸುಗಳನ್ನು ಜೋಡಿಸಲು ನಡುವೆ ಒಂದು ಅಡಾಪ್ಟರ್ ಬೇಕು. ಲೆನ್ಸಿನಲ್ಲಿ ಮೋಟಾರ್ ಇಲ್ಲದ ಹಳೆಯ ನಿಕಾನ್ ಲೆನ್ಸುಗಳನ್ನು ಡಿ90 ತನ್ನದೇ ಮೋಟಾರಿನಿಂದ ಫೋಕಸ್ ಮಾಡುತ್ತದೆ. ಕಂಪನಿಯ ಅಡಾಪ್ಟರಿನ ಮೂಲಕ ಹೊಸದಕ್ಕೆ ಜೋಡಿಸಿದರೆ ಅವನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಅತ್ತ, ಮದುವೆಯ ಫೋಟೊ ತೆಗೆಯುವವರು ಹೊಸ ಬಗೆಯ ಕ್ಯಾಮೆರಾಗಳಿಗೆ ಹೋಗುತ್ತಿರುವುದರಿಂದ ಹಳೆಯ ಬಗೆಯ ಒಳ್ಳೆಯ ಲೆನ್ಸುಗಳು ಕಡಿಮೆ ಬೆಲೆಗೆ ಕೈ ಬದಲಾಗುತ್ತಿವೆ. ಗದಗ-ಬೆಟಗೇರಿಯಲ್ಲೋ ಹುಬ್ಬಳ್ಳಿಯಲ್ಲೋ ವಿಚಾರಿಸಿ, ಶಿಲೀಂಧ್ರ ಹಿಡಿಯದ ಗಾಜನ್ನು ನೋಡಿ ಕೊಳ್ಳಬಹುದು.

ಇನ್ನು ಸಾಕ್ಷಿಯ ಮಾತು. ಬಳ್ಳಾರಿ ಭಾಗದ ಅಕ್ರಮ ಗಣಿಗಾರಿಕೆಯ ವಿರುದ್ಧ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಗಣಿ ಗುತ್ತಿಗೆಗಳ ಗಡಿಗಳ ಜಂಟಿ ಅಳತೆ ನಡೆದು, ಗಡಿ ಮೀರಿದ ಪ್ರಮಾಣಕ್ಕೆ ತಕ್ಕಂತೆ ಅವನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಿಂದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಅಲ್ಲಿ ತೂಕ ಬಂದದ್ದು ಎಲ್ಲಿ, ಎಷ್ಟು ಎಂದು ಖಚಿತವಾಗಿ ಹೇಳುವ ದಾಖಲೆಗೆ. ನಮ್ಮ ಚಿತ್ರವೂ ಎಲ್ಲಿಯದು, ಎಂದಿನದು, ಯಾರು ತೆಗೆದದ್ದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ಡಿಜಿಟಲ್ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಒಂದು ಬಿಂದು ಬದಲಾದರೂ ಅದು ಬದಲಾಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ವಿವರಗಳನ್ನೂ ಕಳೆದುಕೊಳ್ಳುತ್ತದೆ. ಆದುದರಿಂದ ಮೂಲ ಕಡತಗಳನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಊರುಗಳಲ್ಲಿ ಕಾಪಿಡುವುದು ನಮಗೆ ಹೊಸ ಕ್ಯಾಮೆರಾಕ್ಕಿಂತ ತುರ್ತಿನ ಕೆಲಸ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಪ್ರತಿ ಸಲ ನೋಡಬೇಕು. ಡಿ90 ತಾನಾಗಿ ಸ್ಥಳವನ್ನು ದಾಖಲಿಸುವುದಿಲ್ಲ. ಅದೇ ಜಾಗದಲ್ಲಿ ನಿಂತು ಮೊಬೈಲಿನಿಂದ ಇನ್ನೊಂದು ಚಿತ್ರ ತೆಗೆದರೆ ಸ್ಥಳದ ಗುರುತು ಸಿಗುತ್ತದೆ.

ಕೃಷಿ ಸಂಶೋಧನೆಯಲ್ಲಿ ಒಂದು ವರ್ಷದ ಇಳುವರಿಯನ್ನು ನೋಡಿ ಯಾರೂ ತೀರ್ಮಾನ ಹೇಳುವುದಿಲ್ಲ. ಅದೇ ತಾಕು, ಅದೇ ಹಂಗಾಮು, ಅದೇ ಅಳತೆ ಹಲವು ವರ್ಷ ಮುಂದುವರಿದಾಗ ಮಾತ್ರ ಬದಲಾವಣೆ ಕಾಣಿಸುತ್ತದೆ. ಗುಡ್ಡದ ವಿಷಯದಲ್ಲಿಯೂ ಹಾಗೆಯೇ. ಮುಂಡರಗಿ, ಶಿರಹಟ್ಟಿ, ಗದಗ ತಾಲೂಕುಗಳ ಸೆರಗಿನ ಹಳ್ಳಿಗಳಲ್ಲಿಯೂ ಲಕ್ಷ್ಮೇಶ್ವರ ಭಾಗದ ಕೆರೆಗಳ ದಂಡೆಯಲ್ಲಿಯೂ ಒಟ್ಟು ಹತ್ತು ಜಾಗಗಳನ್ನು ಆರಿಸಿ, ಅಲ್ಲೊಂದು ಗುರುತಿನ ಕಲ್ಲು ನೆಡೋಣ. ಬೇಸಿಗೆಯ ಬೆಂಕಿಯ ಕಾಲ, ಮುಂಗಾರಿ, ಹಿಂಗಾರಿ, ಹೀಗೆ ವರ್ಷಕ್ಕೆ ಮೂರು ಸಲ ಅದೇ ಕಲ್ಲಿನ ಬಳಿ, ಅದೇ ದಿಕ್ಕಿಗೆ, ಲೆನ್ಸನ್ನು ಅದೇ ಅಳತೆಗೆ ಇಟ್ಟು ಚಿತ್ರ ತೆಗೆಯೋಣ. ಹಗಲಿನ ಬೆಳಕಿನಲ್ಲಿ ಅಲುಗಾಡದೆ ನಿಂತ ಗುಡ್ಡವನ್ನು ಹಿಡಿಯಲು ಡಿ90 ಧಾರಾಳವಾಗಿ ಸಾಕು. ಗಾಳಿಯಂತ್ರಗಳ ರಸ್ತೆಯಂಚಿನ ಕೊರಕಲು ಎಷ್ಟು ಬೆಳೆಯಿತು, ಸುಟ್ಟ ಇಳಿಜಾರಿನಲ್ಲಿ ಏನು ಚಿಗುರಿತು ಎಂಬುದನ್ನು ಹತ್ತು ವರ್ಷಗಳ ಇಂಥ ಸಾಲು ಹೇಳಬಲ್ಲದು. ಇವು ಧಾಮದ ಗಡಿಯಾಚೆ ನಿಂತು ಮಾಡಬಹುದಾದ ಕೆಲಸಗಳು. ಒಳಗೆ ಹೋಗಿ ಚಿತ್ರ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗೂಡು, ಗವಿಗಳ ಜಾಗವನ್ನಂತೂ ಯಾರಿಗೂ ಪ್ರಚುರಪಡಿಸಬಾರದು.

ಹಾಗಾದರೆ ಹೊಸದನ್ನು ಎಂದೂ ಕೊಳ್ಳಬಾರದೇ? ಕೊಳ್ಳಬೇಕಾದ ಕಾಲವನ್ನು ನಮ್ಮ ಕೆಲಸವೇ ತಿಳಿಸುವಂತೆ ಮಾಡೋಣ. ಒಂದು ವರ್ಷ ಪೂರ್ತಿ ಒಂದು ವಹಿ ಇಡೋಣ. ಸಿಗದೆ ಹೋದ ಪ್ರತಿಯೊಂದು ಚಿತ್ರಕ್ಕೂ ಕಾರಣ ಬರೆಯಬೇಕು: ಯಾರೂ ಅಲ್ಲಿರಲಿಲ್ಲವೇ, ಬ್ಯಾಟರಿ ಮುಗಿದಿತ್ತೇ, ಹಕ್ಕಿ ದೂರವಿತ್ತೇ, ಕತ್ತಲಾಗಿತ್ತೇ, ಫೋಕಸ್ ತಡವಾಯಿತೇ? ಮೊದಲೆರಡು ಕಾರಣಗಳಿಗೆ ಮದ್ದು ನಮ್ಮ ಶಿಸ್ತು; ಮೂರನೆಯದಕ್ಕೆ ಲೆನ್ಸ್. ಕೊನೆಯ ಎರಡೇ ವಹಿಯಲ್ಲಿ ಹೆಚ್ಚಾಗಿ ಕಂಡರೆ, ಇಲ್ಲವೇ ಒಂದು ಲಕ್ಷ ಸಲ ತೆರೆದು ಮುಚ್ಚುವುದಕ್ಕೆ ಪರೀಕ್ಷಿತವಾದ ಡಿ90 ಶಟರ್ ಕೈಕೊಟ್ಟರೆ, ಹೊಸ ಕ್ಯಾಮೆರಾದ ಪರವಾಗಿ ನಾನೇ ಮೊದಲು ಕೈಯೆತ್ತುತ್ತೇನೆ.

ಅಲ್ಲಿಯವರೆಗೆ ಒಂದು ಹಳೆಯ 70-300 ಲೆನ್ಸ್, ಒಂದು ಗಟ್ಟಿಯಾದ ಮುಕ್ಕಾಲಿ, ಎರಡು ಹಾರ್ಡ್ ಡಿಸ್ಕ್, ಹತ್ತು ಕಲ್ಲು. ಉಳಿದ ಹಣ ಹುಡುಗ-ಹುಡುಗಿಯರ ಬಸ್ಸಿನ ಖರ್ಚಿಗಿರಲಿ. ಏಕೆಂದರೆ ಮತ್ತೆ ಮತ್ತೆ ಹೋಗುವವರಿಗೆ ಮಾತ್ರ ಗುಡ್ಡ ತನ್ನ ಬದಲಾವಣೆಯನ್ನು ತೋರಿಸುತ್ತದೆ. ವಿದ್ಯಾರ್ಥಿ ಮಿತ್ರರು ತಮ್ಮ ಊರಿನಿಂದ ಗುಡ್ಡ ಕಾಣುವ ಒಂದೊಂದು ಜಾಗವನ್ನು ಹಿರಿಯರನ್ನು ಕೇಳಿ ಗುರುತಿಸಿಕೊಂಡು ಬಳಗದ ಮುಂದಿನ ಸಭೆಗೆ ಬರಬೇಕೆಂದು ಕೋರುತ್ತೇನೆ. ಮೊದಲ ಕಲ್ಲನ್ನು ಈ ಮುಂಗಾರಿಗಿಂತ ಮೊದಲೇ ನೆಡೋಣ.